ಉದುರಲೊಲ್ಲದ ಹಣ್ಣೆಲೆ

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ. ಈ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹಣ್ಣಾದ ಎಲೆ ಉದುರಬೇಕು, ಹೊಸದಕ್ಕೆ ಎಡೆಗೊಡಬೇಕು. ಇದು ಮರದ ಧರ್ಮ. ನಮ್ಮ ದೇಹದ ಧರ್ಮವೂ ಇದೇ ಎಂಬುದನ್ನು ವಿಜ್ಞಾನ ಸ್ಪಷ್ಟವಾಗಿ ಕಂಡುಕೊಂಡದ್ದು ಮಾತ್ರ ಈಚೆಗೆ. ಉದುರಬೇಕಾದ ಎಲೆ ಉದುರಲೊಲ್ಲದೆ ನಿಂತರೆ ಏನಾದೀತು? ದೊಡ್ಡ ಕರುಳಿನ ಕ್ಯಾನ್ಸರಿನ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಈ ಪ್ರಶ್ನೆಗೆ ಸೇರಿದ್ದು. ಆ ರೋಗದ ಕಥೆಯ ಒಂದು ಎಳೆ ನಮ್ಮ ಹೈದರಾಬಾದಿಗೂ ಬಂದು ಮುಟ್ಟುತ್ತದೆ.

1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೇರ್ ಕರಿ ಎಂಬ ಮೂವರು ರೋಗಶಾಸ್ತ್ರಜ್ಞರು ಒಂದು ಲೇಖನ ಪ್ರಕಟಿಸಿದರು. ಪೆಟ್ಟು ಬಿದ್ದು ಸಾಯುವ ಜೀವಕೋಶಗಳಿರುವಂತೆ, ತಮ್ಮ ಕೆಲಸ ಮುಗಿದಾಗ ಸದ್ದಿಲ್ಲದೆ ಮುದುಡಿ ತಾವಾಗಿ ಸಾಯುವ ಜೀವಕೋಶಗಳೂ ಇವೆ ಎಂದು ಅವರು ತೋರಿಸಿದರು. ಇಂಥ ಸಾವಿಗೆ ಹೆಸರು ಬೇಕಾದಾಗ ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮಕ್ ಅವರು ಸೂಚಿಸಿದ ಪದ ‘ಅಪಾಪ್ಟೋಸಿಸ್’. ಮರದಿಂದ ಎಲೆ ಉದುರುವುದು ಎಂದೇ ಅದರ ಅರ್ಥ! ನಮ್ಮ ಗಾದೆಯೂ ಗ್ರೀಕರ ಮಾತೂ ಹೀಗೆ ಒಂದೇ ಮರದ ಕೆಳಗೆ ಸಂಧಿಸಿದವು.

ಕರುಳಿನಲ್ಲಿ ಈ ಎಲೆಯುದುರು ನಿತ್ಯದ ವ್ಯವಹಾರ. ಕರುಳಿನ ಒಳಪದರದಲ್ಲಿ ಅಸಂಖ್ಯ ಪುಟ್ಟ ಕುಳಿಗಳಿವೆ. ಕುಳಿಯ ತಳದಲ್ಲಿ ಹುಟ್ಟಿದ ಜೀವಕೋಶ ಮೆಲ್ಲಗೆ ಮೇಲಕ್ಕೆ ಸರಿದು, ಹೆಚ್ಚು ಕಡಿಮೆ ನಾಲ್ಕೈದು ದಿನಗಳಲ್ಲಿ ಮೇಲ್ತುದಿಯನ್ನು ತಲುಪಿ ಉದುರಿಹೋಗುತ್ತದೆ. ಈ ಸರದಿ ತಪ್ಪಿದಾಗ ಗಂಟು ಕಟ್ಟುತ್ತದೆ. ಕೆಲವು ಗಂಟುಗಳು ವರ್ಷಗಳು ಕಳೆದಂತೆ ಕ್ಯಾನ್ಸರಾಗಿ ಬಲಿಯುತ್ತವೆ.

ಹಾಗಾದರೆ ‘ನಿನ್ನ ಹೊತ್ತು ಮುಗಿಯಿತು’ ಎಂದು ಜೀವಕೋಶಕ್ಕೆ ತಿಳಿಸುವವರಾರು? ಜೀವಕೋಶದ ಹೊರಮೈಯಲ್ಲಿ ಗ್ರಾಹಕಗಳೆಂಬ ಕಾವಲುಗಾರರಿದ್ದಾರೆ. ಹೊರಗಿನಿಂದ ಸಾವಿನ ಓಲೆ ಬಂದರೆ ಅದನ್ನು ಒಳಗೆ ಮುಟ್ಟಿಸುವ ‘ಫಾಸ್’ ಎಂಬ ಗ್ರಾಹಕದ ಜೀನನ್ನು 1991ರಲ್ಲಿ ಜಪಾನಿನ ಶಿಗೆಕಾಜು ನಾಗಾಟಾ ಮತ್ತು ಸಂಗಡಿಗರು ಬೇರ್ಪಡಿಸಿದರು. ಆರೋಗ್ಯವಂತ ಕರುಳಿನಲ್ಲಿ ಸಮೃದ್ಧವಾಗಿರುವ ಈ ಗ್ರಾಹಕ ಕ್ಯಾನ್ಸರಿನಲ್ಲಿ ಕುಗ್ಗಿಹೋಗುತ್ತದೆಂದು 1994ರಲ್ಲಿ ಜರ್ಮನಿಯ ಸಂಶೋಧಕರು ವರದಿ ಮಾಡಿದರು. ಓಲೆ ಬಂದರೂ ತೆಗೆದುಕೊಳ್ಳುವವರಿಲ್ಲ!

ಎರಡನೆಯ ಬಗೆಯ ಕಾವಲುಗಾರನ ಕಥೆ ಇನ್ನೂ ವಿಚಿತ್ರ. ಅಮೆರಿಕದ ಬಾಲ್ಟಿಮೋರಿನಲ್ಲಿ ಬರ್ಟ್ ವೋಗಲ್‌ಸ್ಟೈನ್ ಅವರ ತಂಡ 1988ರಲ್ಲಿ ಕರುಳಿನ ಗಂಟುಗಳನ್ನೂ ಕ್ಯಾನ್ಸರುಗಳನ್ನೂ ಹೋಲಿಸಿ ನೋಡಿತು. ಶೇಕಡಾ 70ಕ್ಕೂ ಹೆಚ್ಚು ಕ್ಯಾನ್ಸರುಗಳಲ್ಲಿ 18ನೆಯ ಕ್ರೋಮೋಸೋಮಿನ ಒಂದು ತುಣುಕು ಕಾಣೆಯಾಗಿತ್ತು. ಆರಂಭದ ಸಣ್ಣ ಗಂಟುಗಳಲ್ಲಿ ಈ ನಷ್ಟ ಅಪರೂಪ. 1990ರಲ್ಲಿ ಎರಿಕ್ ಫಿಯರನ್ ಮತ್ತು ಸಹೋದ್ಯೋಗಿಗಳು ಆ ಜಾಗದಲ್ಲಿದ್ದ ಒಂದು ಜೀನನ್ನು ಗುರುತಿಸಿ ಡಿ.ಸಿ.ಸಿ. ಎಂದು ಹೆಸರಿಟ್ಟರು. ಕರುಳಿನ ಕ್ಯಾನ್ಸರಿನಲ್ಲಿ ಅಳಿಸಿಹೋದದ್ದು ಎಂದು ಅದರ ಅರ್ಥ.

ಅದರ ಕೆಲಸವೇನು ಎಂಬುದಕ್ಕೆ ಉತ್ತರ ಬಂದದ್ದು ನರಗಳ ಅಧ್ಯಯನದಿಂದ. ಬೆಳೆಯುವ ನರತಂತುಗಳಿಗೆ ದಾರಿ ತೋರಿಸುವ ಒಂದು ಪ್ರೋಟೀನಿಗೆ 1994ರಲ್ಲಿ ಮಾರ್ಕ್ ಟೆಸ್ಸಿಯೆ-ಲವೀನ್ ಅವರ ತಂಡ ‘ನೆಟ್ರಿನ್’ ಎಂದು ಹೆಸರಿಟ್ಟಿತು. ನಮ್ಮ ನೇತಾರ, ನೇತೃತ್ವ ಎಂಬ ಮಾತುಗಳಿಗೆ ಮೂಲವಾದ ಸಂಸ್ಕೃತದ ‘ನೇತೃ’ ಶಬ್ದದಿಂದಲೇ ಅದನ್ನು ಆಯ್ದರು. ಎರಡು ವರ್ಷಗಳಲ್ಲಿ ಡಿ.ಸಿ.ಸಿ.ಯೇ ನೆಟ್ರಿನ್ನಿನ ಗ್ರಾಹಕವೆಂದು ತಿಳಿಯಿತು. 1998ರಲ್ಲಿ ಪ್ಯಾಟ್ರಿಕ್ ಮೆಲೆನ್ ಮತ್ತು ಸಂಗಡಿಗರು ಗುಟ್ಟನ್ನು ಬಿಡಿಸಿದರು: ನೆಟ್ರಿನ್ ದೊರೆಯುವವರೆಗೆ ಈ ಕಾವಲುಗಾರ ಸುಮ್ಮನಿರುತ್ತಾನೆ; ದೊರೆಯದೆ ಹೋದಾಗ ಜೀವಕೋಶವನ್ನು ಸಾವಿಗೆ ದೂಡುತ್ತಾನೆ. ಎಣ್ಣೆ ಇರುವತನಕ ದೀಪ. ಕರುಳಿನ ಕುಳಿಯ ತಳದಲ್ಲಿ ನೆಟ್ರಿನ್ ಹೆಚ್ಚು, ಮೇಲೇರಿದಂತೆ ಕಡಿಮೆ. ಡಿ.ಸಿ.ಸಿ. ಕಳೆದುಕೊಂಡ ಜೀವಕೋಶಕ್ಕೆ ಎಣ್ಣೆ ತೀರಿದ್ದೇ ಅರಿವಾಗದು. ಅದು ಉದುರಬೇಕಾದಲ್ಲಿ ಉದುರದೆ, ನೆಟ್ರಿನ್ ಇಲ್ಲದ ದೂರದ ಅಂಗಗಳಲ್ಲೂ ಬದುಕಿಕೊಳ್ಳುತ್ತದೆ.

ಇಷ್ಟು ಅಂದವಾದ ವಿವರಣೆಯನ್ನು ಎಲ್ಲರೂ ಒಪ್ಪಿದರೆಂದು ಓದುಗರು ಭಾವಿಸಬಾರದು. 1997ರಲ್ಲಿಯೇ ಒಂದು ಎಡವಟ್ಟು ಎದುರಾಗಿತ್ತು. ಡಿ.ಸಿ.ಸಿ. ಜೀನನ್ನು ಕೆಡಿಸಿದ ಇಲಿಗಳಲ್ಲಿ ಗಂಟುಗಳು ಹೆಚ್ಚಲಿಲ್ಲ. ಅದೇ 18ನೆಯ ಕ್ರೋಮೋಸೋಮಿನಲ್ಲಿ, ಹತ್ತಿರದಲ್ಲೇ, ಕ್ಯಾನ್ಸರನ್ನು ತಡೆಯುವ ಇನ್ನೊಂದು ಜೀನು ಇದ್ದುದೂ ತಿಳಿದುಬಂದಿತ್ತು. ನಿಜವಾದ ಕಳವು ಅದರದೇ ಇರಬಹುದೆಂದು ಹಲವರು ಡಿ.ಸಿ.ಸಿ.ಯನ್ನು ಕೈಬಿಟ್ಟರು. ಮೆಲೆನ್ ಅವರ ಲಿಯೋನ್ ನಗರದ ತಂಡ ಬಿಡಲಿಲ್ಲ. ಗ್ರಾಹಕವನ್ನು ಹಾಗೆಯೇ ಉಳಿಸಿ, ಅದರ ಸಾವಿನ ಸನ್ನೆಯನ್ನಷ್ಟೇ ತಡೆದ ಇಲಿಗಳನ್ನು ಸಾಕಿತು. ಅವುಗಳ ಕರುಳಿನಲ್ಲಿ ಗಂಟುಗಳು ಹೆಚ್ಚಿದವೆಂದು 2012ರಲ್ಲಿ ಪ್ರಕಟವಾಯಿತು. ಇಪ್ಪತ್ತೆರಡು ವರ್ಷಗಳ ವಾದ ಹೀಗೆ ಒಂದು ಘಟ್ಟಕ್ಕೆ ಬಂತು.

ಈಗ ನಮ್ಮ ಊರಿಗೆ ಬರೋಣ. 1977ರಲ್ಲಿ ಡಾ. ಪುಷ್ಪ ಭಾರ್ಗವ ಅವರ ನೇತೃತ್ವದಲ್ಲಿ ಸಿ.ಸಿ.ಎಂ.ಬಿ. ಆರಂಭವಾದಂದಿನಿಂದ ಹೈದರಾಬಾದು ಜೀವಕೋಶ ವಿಜ್ಞಾನದ ತವರುಗಳಲ್ಲಿ ಒಂದು. ಇಲ್ಲಿನದೇ ಇನ್ನೊಂದು ಸಂಸ್ಥೆ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರ. ಅಲ್ಲಿ ಡಾ. ಮುರಳಿ ಬಾಷ್ಯಂ ಅವರ ತಂಡ ಕರುಳಿನ ಕ್ಯಾನ್ಸರಿಗೆ ತುತ್ತಾದ ಭಾರತೀಯರ ಗಂಟುಗಳನ್ನು ಪರೀಕ್ಷಿಸಿತು. ವಯಸ್ಸಾದವರಲ್ಲಿ ಈ ರೋಗದ ಮೊದಲ ಹೆಜ್ಜೆ ಸಾಮಾನ್ಯವಾಗಿ ‘ವಿಂಟ್’ ಎಂಬ ಬೆಳವಣಿಗೆಯ ಸಂಕೇತ ಕೆಟ್ಟು ನಿಲ್ಲದೆ ಮೊಳಗುವುದು. ಚಿಕ್ಕ ವಯಸ್ಸಿನವರ ಗುದನಾಳದ ಕ್ಯಾನ್ಸರುಗಳಲ್ಲಿ ಆ ಗುರುತು ಅನೇಕ ವೇಳೆ ಕಾಣಲಿಲ್ಲವೆಂದು ಈ ತಂಡ 2014ರಲ್ಲಿ ತಿಳಿಸಿತು. ಪುಸ್ತಕದಲ್ಲಿರುವ ದಾರಿಯೊಂದೇ ರೋಗದ ದಾರಿಯಲ್ಲ.

ಇದು ನಮಗೇಕೆ ಮುಖ್ಯ? ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಮಲದಲ್ಲಿ ರಕ್ತ ಕಂಡರೆ ‘ಉಷ್ಣ, ಮಜ್ಜಿಗೆ ಕುಡಿ’ ಎನ್ನುವುದು ರೂಢಿ. ಹೆಂಗಸರಂತೂ ನಾಚಿಕೆಯಿಂದ ಬಾಯಿಯನ್ನೇ ಬಿಡುವುದಿಲ್ಲ. ಮೂವತ್ತರ ಮಗನಿಗೆ ಕ್ಯಾನ್ಸರು ಬಂದೀತೆಂದು ಯಾರೂ ಎಣಿಸುವುದಿಲ್ಲ. ಬಹುಪಾಲು ಅದು ಮೂಲವ್ಯಾಧಿಯೇ ಹೌದು. ಆದರೆ ಅದನ್ನು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು, ಪಕ್ಕದ ಮನೆಯವರಲ್ಲ. ಗಂಟು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷಗಳ ಸುಮಾರು ಹಿಡಿಯುತ್ತದೆ. ಅಷ್ಟರಲ್ಲಿ ಕೊಲೊನೋಸ್ಕೋಪಿಯಿಂದ ಕಂಡು ಅದನ್ನು ತೆಗೆದುಬಿಟ್ಟರೆ ಅದು ಕ್ಯಾನ್ಸರಾಗುವ ಮಾತೇ ಇಲ್ಲ. ರಕ್ತ, ಕಾರಣವಿಲ್ಲದ ರಕ್ತಹೀನತೆ, ವಾರಗಟ್ಟಲೆ ಬದಲಾದ ಮಲದ ರೀತಿ, ಹತ್ತಿರದ ಬಂಧುಗಳಲ್ಲಿ ಈ ರೋಗ: ಇವುಗಳಲ್ಲಿ ಒಂದಿದ್ದರೂ ವಯಸ್ಸನ್ನು ಎಣಿಸದೆ ವೈದ್ಯರ ಬಳಿಗೆ ಹೋಗೋಣ.

ಜೀವಕೋಶದ ಕಾವಲುಗಾರ ಕಾಣೆಯಾದುದನ್ನು ನಾವು ಕಣ್ಣಾರೆ ಕಾಣಲಾರೆವು. ಮನೆಯವರ ಮುಖ ಬಾಡಿದ್ದು ಮಾತ್ರ ನಮಗೆ ಕಾಣುತ್ತದೆ. ಆ ಕಾವಲು ನಮ್ಮದು.