ಅಕ್ಷರ ಹೇಗಿರಬೇಕು ಅಂತ ಹೇಳುವವರು ಯಾರು? ಬರೀ ಅಕ್ಷರದ ಬ್ರೌಸರ್‌ಗಳ ಕಥೆ

ಮನೆಯ ಹಿರಿಯರ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟವರು ನಮ್ಮ ಓದುಗರಲ್ಲಿ ತುಂಬಾ ಜನ ಇರುತ್ತೀರಿ. ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಗೆರೆ ಎಳೆದರೆ ಮುಗಿಯಿತು, ಮೆಸೇಜೆಲ್ಲ ದಪ್ಪಗೆ ಕಾಣುತ್ತದೆ. ಆದರೆ ಅದೇ ಫೋನಿನಲ್ಲಿ ಯಾವುದೋ ಅರ್ಜಿಯ ವೆಬ್‌ಸೈಟ್ ತೆರೆದು ನೋಡಿ. ಎರಡು ಬೆರಳಿಟ್ಟು ಎಳೆದರೂ ಅಕ್ಷರ ಜಪ್ಪಯ್ಯ ಅನ್ನುವುದಿಲ್ಲ. ಫೋನು ಕೆಟ್ಟಿಲ್ಲ. ಓದುವವರು ದೊಡ್ಡದು ಮಾಡಿಕೊಳ್ಳಬಾರದು ಅಂತ ಪುಟ ಮಾಡಿದವರೇ ಅದರೊಳಗೆ ಒಂದು ಸಾಲು ಬರೆದಿಟ್ಟಿರುತ್ತಾರೆ.

ಪುಟ ಹೇಗೆ ಕಾಣಬೇಕು ಅಂತ ನಿರ್ಧರಿಸುವುದು ಬರೆದವರೋ ಓದುವವರೋ? ಈ ಜಗಳ ವೆಬ್ ಹುಟ್ಟಿದ ದಿನದಿಂದಲೂ ಇದೆ. ಓದುವವರ ಪರ ಕೊನೆಯವರೆಗೂ ನಿಂತದ್ದು ಚಿತ್ರ ತೋರಿಸದ, ಬರೀ ಅಕ್ಷರ ತೋರಿಸುವ ಬ್ರೌಸರ್‌ಗಳು. ಈಗ ಅವನ್ನು ಬಳಸುವವರು ಕಡಿಮೆ. ಆದರೂ ಅವುಗಳ ಕಥೆ ಗೊತ್ತಿದ್ದರೆ ನಮ್ಮ ಫೋನಿನ ಕಥೆಯೂ ಅರ್ಥವಾಗುತ್ತದೆ.

ಮೊದಲು ಒಂದು ಸಣ್ಣ ಪಾಠ. ನಾನು ಜಿಲ್ಲೆಯಿಂದ ಸುದ್ದಿ ಕಳಿಸುವಾಗ ಇದು ತಲೆಬರಹ, ಇದು ಉಪಶೀರ್ಷಿಕೆ, ಇದು ಪ್ಯಾರಾ ಅಂತ ಮಾತ್ರ ತಿಳಿಸುತ್ತೇನೆ. ತಲೆಬರಹ ಎಷ್ಟು ಪಾಯಿಂಟ್, ಯಾವ ಫಾಂಟ್, ಎಷ್ಟು ಕಾಲಂ ಅನ್ನುವುದು ಡೆಸ್ಕಿನವರ ಕೆಲಸ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯೂ ಶುರುವಾದದ್ದು ಹೀಗೇ. ಇದು ದೊಡ್ಡ ಶೀರ್ಷಿಕೆ, ಇದು ಒತ್ತಿ ಹೇಳಿದ ಮಾತು, ಇದು ಇನ್ನೊಂದು ಪುಟಕ್ಕೆ ಕೊಂಡಿ ಅಂತ ಗುರುತು ಹಾಕುವುದಷ್ಟೇ ಅದರ ಕೆಲಸ. ಡೆಸ್ಕಿನ ಕುರ್ಚಿಯಲ್ಲಿ ಕೂತದ್ದು ಬ್ರೌಸರ್. ಯಾವ ಗುರುತು ಹೇಗೆ ಕಾಣಬೇಕು ಅಂತ ಅದರ ಹತ್ತಿರ ಮೊದಲೇ ಇರುವ ಪಟ್ಟಿಗೆ ಡಿಫಾಲ್ಟ್ ಸ್ಟೈಲ್ ಅನ್ನುತ್ತಾರೆ.

ಟಿಮ್ ಬರ್ನರ್ಸ್-ಲೀ 1990ರ ಕೊನೆಗೆ ಜಿನೀವಾ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ಮೊದಲ ಬ್ರೌಸರ್ ಮಾಡಿದಾಗ ಈ ಪಟ್ಟಿಯನ್ನು ಬೇರೆ ಫೈಲಿನಲ್ಲಿ ಇಟ್ಟಿದ್ದರು. ಬಳಸುವವರು ಅದನ್ನು ಬದಲಿಸಬಹುದಿತ್ತು. ಆದರೆ ಆ ಬ್ರೌಸರ್ ಓಡುತ್ತಿದ್ದದ್ದು ನೆಕ್ಸ್ಟ್ ಅನ್ನುವ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ. ಎಲ್ಲರ ಹತ್ತಿರ ನೆಕ್ಸ್ಟ್ ಎಲ್ಲಿಂದ ಬರಬೇಕು?

ಅದಕ್ಕೆ ದಾರಿ ಮಾಡಿದ್ದು ನಿಕೋಲಾ ಪೆಲ್ಲೋ. ಇಂಗ್ಲೆಂಡಿನ ಲೆಸ್ಟರ್ ಪಾಲಿಟೆಕ್ನಿಕ್‌ನಲ್ಲಿ ಗಣಿತ ಓದುತ್ತಿದ್ದ ಹುಡುಗಿ, ತರಬೇತಿಗೆ ಅಂತ ಸರ್ನ್‌ಗೆ ಬಂದಿದ್ದರು. ಅವರು ಬರೆದ ಲೈನ್ ಮೋಡ್ ಬ್ರೌಸರ್ ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ಓಡುತ್ತಿತ್ತು. ಪರದೆಯೇ ಇಲ್ಲದೆ ಕಾಗದದ ಮೇಲೆ ಸಾಲು ಸಾಲಾಗಿ ಅಚ್ಚು ಹೊಡೆಯುವ ಟೆಲಿಟೈಪ್ ಯಂತ್ರಕ್ಕೂ ಅದು ಸಾಕು. ಮೌಸ್ ಇಲ್ಲ, ಬಣ್ಣವಿಲ್ಲ. ಪ್ರತಿ ಕೊಂಡಿಯ ಪಕ್ಕದಲ್ಲಿ ಒಂದು ಸಂಖ್ಯೆ ಬರುತ್ತಿತ್ತು, ಆ ಸಂಖ್ಯೆ ಟೈಪ್ ಮಾಡಿದರೆ ಆ ಪುಟ ಬರುತ್ತಿತ್ತು. ಶೀರ್ಷಿಕೆಯನ್ನು ದೊಡ್ಡದು ಮಾಡಲು ಆಗದ ಕಡೆ ಜಾಗ ಬಿಟ್ಟೋ ದೊಡ್ಡಕ್ಷರ ಬಳಸಿಯೋ ತೋರಿಸಬೇಕು. ಸರ್ನ್‌ನ ಹೊರಗಿದ್ದ ಎಷ್ಟೋ ಜನ ವೆಬ್ಬನ್ನು ಮೊದಲು ಕಂಡದ್ದು ಈ ರೂಪದಲ್ಲಿ. ವೆಬ್ಬಿನ ಇತಿಹಾಸ ಹೇಳುವವರು ಪೆಲ್ಲೋ ಹೆಸರನ್ನು ಅರ್ಧ ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಮುಂದಿನ ಹೆಸರು ಲಿಂಕ್ಸ್. ಲಿಂಕ್ಸ್ ಅಂದರೆ ಕಾಡುಬೆಕ್ಕಿನ ಜಾತಿಯ ಒಂದು ಪ್ರಾಣಿ. ಕೊಂಡಿಗಳಿಗೆ ಇಂಗ್ಲಿಷಿನಲ್ಲಿ ಹೇಳುವ ಲಿಂಕ್ಸ್ ಕೂಡ ಅದೇ ಉಚ್ಚಾರ, ಹಾಗಾಗಿ ಹೆಸರಿನಲ್ಲೊಂದು ತಮಾಷೆ. 1992ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಲೂ ಮಾಂಟುಲಿ, ಮೈಕೆಲ್ ಗ್ರೋಬ್, ಚಾರ್ಲ್ಸ್ ರೆಜಾಕ್ ಇದನ್ನು ತಮ್ಮ ಕ್ಯಾಂಪಸ್ಸಿನ ಮಾಹಿತಿ ಹಂಚಲು ಮಾಡಿದರು. 1993ರಲ್ಲಿ ಅದಕ್ಕೆ ವೆಬ್ ಓದುವ ಶಕ್ತಿ ಬಂತು. ಆಗಿನ ಕಾಲೇಜುಗಳಲ್ಲಿ ಇದ್ದದ್ದು ವಿಟಿ100 ತರಹದ ಟರ್ಮಿನಲ್. ಸಾಲಿಗೆ 80 ಅಕ್ಷರ, ಪರದೆಗೆ 24 ಸಾಲು. ದಪ್ಪ ಅಕ್ಷರ, ಅಡಿಗೆರೆ, ತಿರುಗುಬಣ್ಣ, ಮಿನುಗು, ಇಷ್ಟೇ ಅದರ ಅಲಂಕಾರ. ಇಷ್ಟರಲ್ಲೇ ವೆಬ್ ಪುಟದ ಎಲ್ಲ ಗುರುತುಗಳನ್ನೂ ತೋರಿಸಬೇಕು.

ಲಿಂಕ್ಸ್‌ನ ಜೊತೆ ಒಂದು ದೊಡ್ಡ ಸೆಟ್ಟಿಂಗ್ ಫೈಲ್ ಬರುತ್ತದೆ. ಬಣ್ಣದ ಪರದೆ ಬಂದ ಮೇಲೆ ಅದರೊಳಗೆ 0ಯಿಂದ 7ರವರೆಗೆ ಬಣ್ಣದ ಸಾಲುಗಳು ಸೇರಿದವು. 0 ಅಂದರೆ ಸಾದಾ ಅಕ್ಷರ, 1 ಕೊಂಡಿ, 2 ಕೆಳಗಿನ ಸೂಚನೆಯ ಪಟ್ಟಿ, 4 ಒತ್ತಿ ಹೇಳಿದ ಮಾತು, 6 ಈಗ ಆರಿಸಿಕೊಂಡಿರುವ ಕೊಂಡಿ, 7 ಹುಡುಕಿದಾಗ ಸಿಕ್ಕ ಪದ. ಪ್ರತಿ ಸಂಖ್ಯೆಯ ಮುಂದೆ ಅಕ್ಷರದ ಬಣ್ಣ, ಹಿನ್ನೆಲೆಯ ಬಣ್ಣ ಬರೆದರೆ ಆಯಿತು. ಕಪ್ಪಿನ ಮೇಲೆ ಹಳದಿ ಕಣ್ಣಿಗೆ ಹಿತ ಅನ್ನುವವರಿಗೆ ಎಲ್ಲ ಪುಟವೂ ಕಪ್ಪಿನ ಮೇಲೆ ಹಳದಿ. ಇದು ಸಾಲದು ಅನ್ನುವವರಿಗೆ ಇನ್ನೊಂದು ಫೈಲ್ ಬಂತು, ಲಿಂಕ್ಸ್‌ನದೇ ಸ್ಟೈಲ್ ಶೀಟ್. ಅದರಲ್ಲಿ ಒಂದೊಂದು ಗುರುತಿಗೂ ಒಂದು ಸಾಲು. ಮೊದಲು ಗುರುತಿನ ಹೆಸರು, ಆಮೇಲೆ ಬಣ್ಣವಿಲ್ಲದ ಪರದೆಯಲ್ಲಿ ಅದು ಹೇಗಿರಬೇಕು, ಆಮೇಲೆ ಅಕ್ಷರದ ಬಣ್ಣ, ಕೊನೆಗೆ ಹಿನ್ನೆಲೆ. ನಡುವೆ ಎರಡೆರಡು ಚುಕ್ಕೆ. ನಮ್ಮ ಕಿರಾಣಿ ಅಂಗಡಿಯ ಚೀಟಿಯಷ್ಟು ಸರಳ. ಡೆಸ್ಕಿನ ಕುರ್ಚಿಯಲ್ಲಿ ಈಗ ಓದುಗರೇ ಕೂತ ಹಾಗಾಯಿತು.

ಅಷ್ಟರಲ್ಲಿ ಹೊರಗೆ ಗಾಳಿ ತಿರುಗಿತ್ತು. 1993ರಲ್ಲಿ ಚಿತ್ರ ತೋರಿಸುವ ಮೊಸಾಯಿಕ್ ಬಂತು, ಮರುವರ್ಷ ನೆಟ್‌ಸ್ಕೇಪ್. ನನ್ನ ಪುಟ ನಾನು ಹೇಳಿದ ಹಾಗೆ ಕಾಣಬೇಕು ಅಂತ ಪುಟ ಮಾಡುವವರು ಹಟ ಹಿಡಿದರು. ಫಾಂಟ್ ಹೆಸರು, ಬಣ್ಣ, ಅಳತೆ ಎಲ್ಲವನ್ನೂ ಪುಟದೊಳಗೇ ತುರುಕುವ ಗುರುತುಗಳು ಬಂದವು. ಲಿಂಕ್ಸ್ ಮಾಡಿದ ಮಾಂಟುಲಿ ಕೂಡ ನೆಟ್‌ಸ್ಕೇಪ್‌ಗೆ ಸೇರಿದ್ದರು. ಅವರೇ ಹೇಳಿಕೊಂಡಿರುವ ಪ್ರಸಂಗ ಇದು: ಒಂದು ಸಂಜೆ ಗೆಳೆಯರ ಜೊತೆ ಬಾರಿನಲ್ಲಿ ಕೂತಾಗ, ಈ ಹೊಸ ಅಲಂಕಾರಗಳಲ್ಲಿ ಯಾವುದೂ ಲಿಂಕ್ಸ್‌ನಲ್ಲಿ ಕಾಣುವುದಿಲ್ಲ, ಮಿನುಗುವ ಅಕ್ಷರ ಒಂದೇ ಆಗಬಹುದು ಅಂತ ನಕ್ಕರಂತೆ. ಬೆಳಗಾಗುವಷ್ಟರಲ್ಲಿ ಜೊತೆಗಾರರೊಬ್ಬರು ನೆಟ್‌ಸ್ಕೇಪ್‌ನಲ್ಲಿ ಅಕ್ಷರ ಮಿನುಗಿಸಿಬಿಟ್ಟಿದ್ದರು. ಹಳೆಯ ವೆಬ್‌ಸೈಟ್‌ಗಳಲ್ಲಿ ಕಣ್ಣು ಕುಕ್ಕುತ್ತಿದ್ದ ಆ ಮಿನುಗು ಹುಟ್ಟಿದ್ದು ಹೀಗೆ.

ಜಗಳಕ್ಕೆ ಪಂಚಾಯಿತಿ ಮಾಡಲು ಬಂದವರು ನಾರ್ವೆಯ ಹೋಕನ್ ವಿಯುಮ್ ಲೀ. ಮೊದಲು ಅಮೆರಿಕದಲ್ಲಿ, ಓದುಗರಿಗೆ ತಕ್ಕಂತೆ ರೂಪ ಬದಲಿಸುವ ಎಲೆಕ್ಟ್ರಾನಿಕ್ ಪತ್ರಿಕೆಯ ಕೆಲಸ ಮಾಡಿದ್ದವರು. 1994ರ ಅಕ್ಟೋಬರ್ 10ರಂದು ಸರ್ನ್‌ನಿಂದ ಒಂದು ಪ್ರಸ್ತಾವ ಹೊರಡಿಸಿದರು. ನಾವು ಇವತ್ತು ಸಿಎಸ್‌ಎಸ್ ಅನ್ನುವುದರ ಬೀಜ ಅದು. ಅದರಲ್ಲಿದ್ದ ಯೋಚನೆ ಚೆನ್ನಾಗಿತ್ತು. ಬರೆದವರು ಶೀರ್ಷಿಕೆಯ ಅಳತೆ ಹೇಳಿ, ಇದರ ಮೇಲೆ ನನಗೆ ಶೇ 40 ಹಕ್ಕು ಬೇಕು ಅಂತ ಕೇಳಬಹುದು. ಉಳಿದ ಶೇ 60 ಓದುಗರ ಪಾಲು. ಬ್ರೌಸರ್ ಎರಡನ್ನೂ ಕೂಡಿಸಿ ಹದ ಮಾಡಬೇಕು. ಕೇಳಲು ಚೆಂದ, ಮಾಡಲು ಕಷ್ಟ. ಆ ಶೇಕಡಾ ಲೆಕ್ಕ ಉಳಿಯಲಿಲ್ಲ.

ನೆದರ್ಲೆಂಡ್ಸ್‌ನ ಬರ್ಟ್ ಬೊಸ್ ಜೊತೆ ಸೇರಿ ಅವರು ತಿದ್ದಿದ ನಿಯಮಗಳು 1996ರ ಡಿಸೆಂಬರ್ 17ರಂದು ಅಧಿಕೃತವಾದವು. ಬ್ರೌಸರಿನ ಡಿಫಾಲ್ಟ್, ಓದುಗರ ಸ್ಟೈಲ್, ಬರೆದವರ ಸ್ಟೈಲ್, ಈ ಮೂರರಲ್ಲಿ ಸಾಮಾನ್ಯವಾಗಿ ಬರೆದವರದೇ ಗೆಲುವು. ಇದು ಮುಖ್ಯ ಅಂತ ಗುರುತು ಹಾಕಿದ ಸಾಲಿಗೆ ಹೆಚ್ಚಿನ ಬಲ. ಇಬ್ಬರೂ ಮುಖ್ಯ ಅಂತ ಬರೆದರೆ? ಆಗಲೂ ಬರೆದವರೇ ಗೆಲ್ಲುತ್ತಾರೆ ಅಂತ 1996ರ ನಿಯಮ ಹೇಳಿತು. 1998ರ ಮೇ ತಿಂಗಳಲ್ಲಿ ಬಂದ ಎರಡನೇ ಆವೃತ್ತಿ ಇದನ್ನು ತಿರುಗಿಸಿತು. ಇಬ್ಬರೂ ಹಟ ಹಿಡಿದರೆ ಕೊನೆಯ ಮಾತು ಓದುಗರದು. ಕಣ್ಣು ಸರಿಯಾಗಿ ಕಾಣದವರಿಗೆ, ಕೆಲವು ಬಣ್ಣ ಗುರುತಿಸಲಾಗದವರಿಗೆ ಇದು ಬೇಕೇ ಬೇಕು ಅನ್ನುವುದೇ ಕಾರಣ. ಇಡೀ ಇತಿಹಾಸದಲ್ಲಿ ನನಗೆ ದೊಡ್ಡದಾಗಿ ಕಂಡ ತಿದ್ದುಪಡಿ ಇದು. ಇದರ ಸುದ್ದಿ ಮಾತ್ರ ಯಾರ ಕಿವಿಗೂ ಬಿದ್ದಂತಿಲ್ಲ.

ಕಣ್ಣೇ ಕಾಣದವರ ಮಾತು ಬಂದರೆ ಪುಣೆಯಲ್ಲಿ ಹುಟ್ಟಿದ ಟಿ. ವಿ. ರಾಮನ್ ಅವರನ್ನು ನೆನೆಯಬೇಕು. ಗ್ಲಾಕೋಮಾದಿಂದ 14ನೇ ವಯಸ್ಸಿಗೆ ದೃಷ್ಟಿ ಹೋಯಿತು. ಐಐಟಿ ಬಾಂಬೆಯಲ್ಲಿ ಓದಿ, ಅಮೆರಿಕದ ಕಾರ್ನೆಲ್‌ನಲ್ಲಿ 1994ರಲ್ಲಿ ಡಾಕ್ಟರೇಟ್ ಮಾಡಿದರು. 1995ರಲ್ಲಿ ಅವರು ಹೊರತಂದ ಈಮ್ಯಾಕ್‌ಸ್ಪೀಕ್, ಪರದೆಯ ಅಕ್ಷರಗಳನ್ನು ಮಾತಾಗಿಸುವ ತಂತ್ರಾಂಶ. ವಿಲಿಯಂ ಪೆರಿ ಬರೆದ ಅಕ್ಷರ ಬ್ರೌಸರ್ ಜೊತೆ ಸೇರಿಸಿದಾಗ ಅದು ಪುಟವನ್ನು ಬರೀ ಓದಿ ಹೇಳುತ್ತಿರಲಿಲ್ಲ. ಶೀರ್ಷಿಕೆಗೆ ಒಂದು ದನಿ, ಕೊಂಡಿಗೆ ಇನ್ನೊಂದು, ಒತ್ತಿ ಹೇಳಿದ ಮಾತಿಗೆ ಸ್ವರ ಬೇರೆ. ಬಣ್ಣದ ಜಾಗದಲ್ಲಿ ದನಿ ಇಟ್ಟರೆ ಅದೂ ಸ್ಟೈಲ್ ಶೀಟೇ. 1998ರ ನಿಯಮಗಳಲ್ಲಿ ದನಿಗೆಂದೇ ಒಂದು ಅಧ್ಯಾಯ ಸೇರಿತು.

ಇದರಲ್ಲಿ ಕನ್ನಡ ಎಲ್ಲಿತ್ತು? 1990ರ ದಶಕದ ಕೊನೆಯ ಕನ್ನಡ ಸೈಟುಗಳು ಯೂನಿಕೋಡ್‌ನಲ್ಲಿ ಇರಲಿಲ್ಲ. ಒಳಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಆಕಾರ ಬರೆದ ಫಾಂಟ್. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಚಿತ್ರವಿಚಿತ್ರ ಗೀಟು. ಪುಟದ ಫಾಂಟನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಲಿಂಕ್ಸ್‌ನಲ್ಲಿ ನಮ್ಮ ಭಾಷೆ ಅಂದರೆ ಬರೀ ಗೀಟು. ಉಳಿದ ಭಾಷೆಗಳಿಗೆ ಸ್ಟೈಲ್ ಅಂದರೆ ಅಂದಚೆಂದ, ನಮಗೆ ಭಾಷೆಯೇ ಅದರ ಮೇಲೆ ನಿಂತಿತ್ತು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಸಂಕಟ ಹೋಯಿತು, ಇನ್ನೊಂದು ಉಳಿಯಿತು. ಟರ್ಮಿನಲ್ ಅಂದರೆ ಒಂದೇ ಅಳತೆಯ ಮನೆಗಳ ಚೌಕಟ್ಟು, ಮನೆಗೊಂದು ಅಕ್ಷರ. ‘ಸ್ತ್ರೀ’ ಅನ್ನುವ ಒಂದು ಅಕ್ಷರ ಯೂನಿಕೋಡ್‌ನಲ್ಲಿ 6 ಸಂಕೇತಗಳ ಜೋಡಣೆ. ಒತ್ತು, ಗುಣಿತ ಎಲ್ಲವೂ ಒಂದೇ ಮನೆಯೊಳಗೆ ಕೂರದೆ ಇವತ್ತಿಗೂ ಎಷ್ಟೋ ಟರ್ಮಿನಲ್‌ಗಳಲ್ಲಿ ಒಡೆದು ಕಾಣುತ್ತವೆ.

ಜಪಾನಿನ ಅಕಿನೊರಿ ಇಟೊ ಅವರ ಡಬ್ಲ್ಯೂ3ಎಂ, ಪ್ರಾಗ್‌ನಲ್ಲಿ 1999ರಲ್ಲಿ ಹುಟ್ಟಿದ ಇನ್ನೊಂದು ಲಿಂಕ್ಸ್, ಅದರಿಂದ 2001ರಲ್ಲಿ ಕವಲೊಡೆದ ಈಲಿಂಕ್ಸ್, ಇವೆಲ್ಲ ಆಮೇಲಿನ ತಲೆಮಾರು. ಈಲಿಂಕ್ಸ್‌ನ ಒಂದು ಸೆಟ್ಟಿಂಗ್ ನೋಡಿ. 0 ಅಂತ ಬರೆದರೆ ಯಾವಾಗಲೂ ನನ್ನ ಬಣ್ಣ. 1 ಅಂದರೆ ಅಕ್ಷರಕ್ಕೆ ಪುಟದವರ ಬಣ್ಣ ಇರಲಿ, ಹಿನ್ನೆಲೆ ಮಾತ್ರ ನನ್ನದು. 2 ಅಂದರೆ ಎಲ್ಲ ಅವರು ಹೇಳಿದಂತೆ. ಲೀ ಅವರ ಶೇಕಡಾ ಲೆಕ್ಕ ಬೇರೆ ವೇಷದಲ್ಲಿ ವಾಪಸು ಬಂದಂತಿದೆ.

ದೊಡ್ಡ ಬ್ರೌಸರ್‌ಗಳು ಮಾತ್ರ ಉಲ್ಟಾ ನಡೆದವು. ಓದುಗರು ತಮ್ಮದೇ ಸ್ಟೈಲ್ ಫೈಲ್ ಇಡುವ ಅವಕಾಶವನ್ನು ಕ್ರೋಮ್ 2014ರಲ್ಲಿ ತೆಗೆದುಹಾಕಿತು. ಫೈರ್‌ಫಾಕ್ಸ್ 2019ರಲ್ಲಿ ಅದನ್ನು ಮುಚ್ಚಿಟ್ಟಿತು, ಬೇಕಾದವರು ಒಳಗೆ ಹೋಗಿ ಹುಡುಕಿ ಆನ್ ಮಾಡಿಕೊಳ್ಳಬೇಕು. ಬಳಸುವವರು ಕಡಿಮೆ ಅಂತ ಹಾಗೆ ಮಾಡಿದ್ದಾರು. ಹೇಳಿಕೊಡದಿದ್ದರೆ ಬಳಸುವವರು ಎಲ್ಲಿಂದ ಬರುತ್ತಾರೆ?

ಆದರೂ ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಒಂದು ಚೂರು ಉಳಿದಿದೆ. ಮೂಲೆಯ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ಆಕ್ಸೆಸಿಬಿಲಿಟಿ ತೆರೆಯಿರಿ. ‘ಫೋರ್ಸ್ ಎನೇಬಲ್ ಝೂಮ್’ ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ, ಮೊದಲು ಹೇಳಿದ ಆ ಅರ್ಜಿಯ ಪುಟಕ್ಕೆ ವಾಪಸು ಹೋಗಿ ಎರಡು ಬೆರಳಿಟ್ಟು ಎಳೆಯಿರಿ.