ಮೊದಲು ನೀರು, ಮತ್ತೆ ಗಿಡ

ನಾನು ಹುಟ್ಟಿದ್ದು, ಮದುವೆಯಾದದ್ದು ಎಲ್ಲ ಮಲ್ಪೆಯ ಹೊಯಿಗೆಯಲ್ಲೇ. ಅಲ್ಲಿ ನಮ್ಮ ಹಿತ್ತಿಲಲ್ಲಿ ಹತ್ತಡಿ ತೋಡಿದ್ರೆ ನೀರು. ಬೇಸಿಗೆಯಲ್ಲಿ ಸ್ವಲ್ಪ ಉಪ್ಪುಪ್ಪು, ಅಷ್ಟೆ. ತೆಂಗಿನ ಬುಡಕ್ಕೆ ಮೀನಿನ ಕಸ ಹಾಕಿದ್ರೆ ಆಯ್ತು. ಹಾಗಾಗಿ ಇವರು ನಿವೃತ್ತಿಯಾಗಿ, ಕಾರ್ಕಳದ ಕಡೆ ಎರಡು ಎಕ್ರೆ ಗುಡ್ಡೆ ಜಾಗ ತಕ್ಕೊಂಡು ಅಲ್ಲಿಗೆ ಹೋಗುವ ಅಂದಾಗ, ನನ್ನ ತಲೆಯಲ್ಲಿದ್ದದ್ದು ಬರೀ ಗಿಡದ ಪಟ್ಟಿ.

ನೂರು ಅಡಿಕೆ ಸಸಿ ತಂದು ನೆಟ್ಟೆವು. ಮಳೆಗಾಲದಲ್ಲಿ ಹಸಿರಾಗಿ ನಿಂತವು. ಮಾರ್ಚಿಗೆ ಬಾವಿಯ ತಳ ಕಂಡಿತು. ಮೇ ಕೊನೆಗೆ ಉಳಿದದ್ದು ಹನ್ನೊಂದು. ಒಣಗಿದ್ದನ್ನು ಕೀಳುವಾಗ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳುದು!

“ಸಾಲ ಮಾಡಿಯಾದ್ರೂ ಬೋರ್ ತೆಗೆಸುವ” ಅಂದ್ರು ಇವರು. “ಅದರಲ್ಲೂ ನೀರು ಬಾರದಿದ್ರೆ ಎಂತ ಮಾಡುದು?” ಅಂದೆ ನಾನು. ಆ ಜಗಳದ ಮಧ್ಯೆ ನನಗೆ ನೆನಪಾದದ್ದು ಅಮೈ ಮಹಾಲಿಂಗ ನಾಯ್ಕರು.

ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರದವರು. ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸ. 1978ರಲ್ಲಿ ಧಣಿ ಮಹಾಬಲ ಭಟ್ಟರು ಅವರಿಗೆ ಎರಡು ಎಕ್ರೆ ಬೋಳುಗುಡ್ಡೆ ಕೊಟ್ಟರು. ನಮ್ಮಷ್ಟೇ ಜಾಗ ನೋಡಿ! ನೀರಿನ ಪಸೆಯಿಲ್ಲ. ಹಗಲು ಕೂಲಿ, ರಾತ್ರಿ ದೀಪ ಹಚ್ಚಿ ಒಬ್ಬರೇ ಸುರಂಗ ಕೊರೆಯುದು. ಐದು ಸುರಂಗದಲ್ಲಿ ನೀರು ಸಿಗಲಿಲ್ಲ. ಇವನಿಗೆ ಮರ್ಲು ಅಂತ ಜನ ನಗಾಡಿದ್ರಂತೆ. ಆರನೆಯದ್ದರಲ್ಲಿ ನೀರು ಬಂತು. ಆಮೇಲೆ ಕಲ್ಲು ಹೊತ್ತು ತಂದು ಕಟ್ಟೆ ಕಟ್ಟಿ, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲು ಮಾಡಿ ಅಡಿಕೆ, ತೆಂಗು, ಬಾಳೆ, ಗೇರು ಬೆಳೆಸಿದ್ರು. ಎಪ್ಪತ್ತು ದಾಟಿದ ಮೇಲೆ, 2022ರಲ್ಲಿ, ಅವರಿಗೆ ಪದ್ಮಶ್ರೀ ಬಂತು.

ಸುರಂಗ ಅಂದ್ರೆ ಅಡ್ಡ ಬಾವಿ. ಒಬ್ಬಾಳು ಹೋಗುವಷ್ಟೇ ಅಗಲಕ್ಕೆ ಗುಡ್ಡೆಯ ಹೊಟ್ಟೆಗೆ ಕೊರೆಯುದು. ಮುರಕಲ್ಲಿನಲ್ಲಿ ಇಂಗಿದ ಮಳೆನೀರು ಒಳಗೆ ಒಸರಿ, ತಾನಾಗಿಯೇ ಹೊರಗೆ ಹರಿದು ಬರ್ತದೆ. ಪಂಪು ಬೇಡ, ಕರೆಂಟು ಬೇಡ. ಕಾಸರಗೋಡು, ಬಂಟ್ವಾಳ, ಪುತ್ತೂರು ಕಡೆಯ ಎಷ್ಟೋ ಗುಡ್ಡೆ ತೋಟಗಳು ಬದುಕಿದ್ದು ಇದರಲ್ಲೇ. ಇರಾನಿನಲ್ಲಿಯೂ ನೆಲದಡಿಯ ಇಂಥ ನೀರುದಾರಿ ಉಂಟು, ಕನಾತ್ ಅಂತಾರೆ.

ನಮ್ಮ ಅವಿಭಜಿತ ಜಿಲ್ಲೆಯ ತೋಟಗಳ ಚರಿತ್ರೆಯಲ್ಲಿ ನೀರಿಗಿಂತಲೂ ಹಿಂದೆ ಇನ್ನೊಂದು ಮೆಟ್ಟಿಲುಂಟು. ಅದು ಜಾಗದ ಹಕ್ಕು. ಚಾಲಗೇಣಿಯ ಒಕ್ಕಲಿಗೆ ನಾಳೆಯ ಧೈರ್ಯ ಇರಲಿಲ್ಲ, ಧಣಿ ಎಬ್ಬಿಸಿದ್ರೆ ಏಳಬೇಕು. ತೆಂಗು ನೆಟ್ಟರೆ ಕಾಯಿ ಯಾರಿಗೆ? ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಬಂದು, ಡಿಕ್ಲರೇಶನ್ ಕೊಟ್ಟು ಜಾಗ ತಮ್ಮದಾದ ಮೇಲೆ ಎಷ್ಟೋ ಮನೆಯವರಿಗೆ ಹತ್ತಿಪ್ಪತ್ತು ವರ್ಷ ಮುಂದಿನದ್ದು ಯೋಚಿಸಿ ಗಿಡ ನೆಡ್ಲಿಕ್ಕೆ ಧೈರ್ಯ ಬಂತು.

ಅಂದ್ರೆ ಮೊದಲು ಜಾಗ, ಮತ್ತೆ ನೀರು, ಕಡೆಗೆ ಗಿಡ. ನಾನು ಮಾಡಿದ್ದು ತಲೆಕೆಳಗೆ. ಮಳೆ ಇಲ್ಲ ಅಂತ ಹೇಳುವ ಹಾಗಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಸುರೀತದೆ ಮಾರ್ರೆ! ನಿಲ್ಲಿಸಿಕೊಳ್ಳಲಿಲ್ಲ, ಅಷ್ಟೆ.

ಸುರಂಗ ಕೊರೆಯುವ ತಾಕತ್ತು ನಮಗಿಲ್ಲ. ಗುಡ್ಡೆಗೆ ಅಡ್ಡಕ್ಕೆ ಸಾಲು ಸಾಲು ಇಂಗುಗುಂಡಿ ತೋಡಿಸಿದೆವು. ಮಾಡಿನ ನೀರನ್ನು ಸೋಸಿ ಬಾವಿಗೆ ಬಿಟ್ಟೆವು. ತುದಿಯ ಒಣ ಜಾಗಕ್ಕೆ ಗೇರು ಹಾಕಿದೆವು. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಆ ಮರಕ್ಕೆ ಬೇರೂರಿದ ಮೇಲೆ ನೀರಿನ ಚಿಂತೆ ಕಮ್ಮಿ. ಹೊಸ ಅಡಿಕೆ ಒಂದೂ ನೆಡಲಿಲ್ಲ. ಈ ವರ್ಷ ಏಪ್ರಿಲ್ ಕೊನೆಯವರೆಗೂ ಬಾವಿಯಲ್ಲಿ ನೀರಿತ್ತು. ಹನ್ನೊಂದೂ ಬದುಕಿವೆ. ಬೋರಿನ ಮಾತು ಸದ್ಯಕ್ಕೆ ನಿಂತಿದೆ.

ನೀವೂ ಹೊಸ ಜಾಗದಲ್ಲಿ ತೋಟ ಮಾಡುದಿದ್ರೆ ಒಂದು ಬೇಸಿಗೆ ಬಾವಿ ನೋಡಿ. ನರ್ಸರಿ ಎಲ್ಲಿಗೂ ಓಡಿ ಹೋಗುದಿಲ್ಲ.