ಕೆರೆಯಂಗಳದ ಬಡಾವಣೆಗಳು: ಕೋರಮಂಗಲ ಕಣಿವೆಯ ಮಳೆನೀರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ವರ್ಷವಿಡೀ ಹರಿಯುವ ದೊಡ್ಡ ನದಿ ಇಲ್ಲದ ಊರಾದುದರಿಂದ, ಅಲ್ಲಿನ ತಗ್ಗಿನ ಬಡಾವಣೆಗಳು ಮಳೆಗಾಲದಲ್ಲಿ ಮುಳುಗುವುದಕ್ಕೆ ಕಾರಣವನ್ನು ಕೆರೆಗಳ ಚರಿತ್ರೆಯಲ್ಲೇ ಹುಡುಕಬೇಕಾಗುತ್ತದೆ. ನಗರದ ಮಳೆನೀರು ಇಳಿಯುವ ಮೂರು ಮುಖ್ಯ ಕಣಿವೆಗಳಲ್ಲಿ ಒಂದಾದ ಕೋರಮಂಗಲ–ಚಲ್ಲಘಟ್ಟ ಕಣಿವೆಯು ಮೆಜೆಸ್ಟಿಕ್ಕಿನ ಆಸುಪಾಸಿನಿಂದ ಶಾಂತಿನಗರ, ಕೋರಮಂಗಲಗಳನ್ನು ಹಾದು, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ.

ಈ ಕಣಿವೆಯ ಕೆರೆಗಳು ಬಹು ಹಳೆಯವು. ಅಗರದಲ್ಲಿ ದೊರೆತ, ಗಂಗರ ಕಾಲದ 9ನೆಯ ಶತಮಾನದ ಶಾಸನವು ಅಲ್ಲಿನ ಕೆರೆಗಳಿಗೆ ತೂಬು ಇಡಿಸಿದ್ದನ್ನು, ಹೊಸ ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ತೂಬು ಎಂದರೆ ಏರಿಯ ಬುಡದಿಂದ ಗದ್ದೆಗೆ ನೀರು ಬಿಡುವ ಕಿಂಡಿ. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಬೀಳುವ ಜಾಗವೇ ಕೋಡಿ. ಕೋಡಿಯ ನೀರನ್ನು ಕೆಳಗಿನ ಕೆರೆಗೆ ಒಯ್ಯುವ ದೊಡ್ಡ ಕಾಲುವೆಯೇ ರಾಜಕಾಲುವೆ. ನೀರುಗಂಟಿಯು ಅಚ್ಚುಕಟ್ಟಿಗೆ, ಅಂದರೆ ಕೆರೆಯ ಕೆಳಗಿನ ಸಾಗುವಳಿ ಭೂಮಿಗೆ, ಸರದಿಯಂತೆ ನೀರು ಬಿಡುತ್ತಿದ್ದನು. ಬೇಸಿಗೆಯಲ್ಲಿ ರೈತರು ಹೂಳೆತ್ತಿ ಹೊಲಗಳಿಗೆ ಹಾಕುತ್ತಿದ್ದರು. ಹೀಗೆ ರಾಜಕಾಲುವೆಯು ಎಂದೂ ಒಂಟಿಯಾಗಿ ಕೆಲಸ ಮಾಡಿದ್ದಲ್ಲ. ಮಳೆಯ ರಭಸವನ್ನು ಮೊದಲು ತಡೆಯುತ್ತಿದ್ದುದು ಕೆರೆ, ಉಳಿದುದನ್ನು ಇಂಗಿಸಿಕೊಳ್ಳುತ್ತಿದ್ದುದು ಗದ್ದೆ.

1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ನಗರಕ್ಕೆ ಕೆರೆಗಳ ಹಂಗು ತಪ್ಪುತ್ತಾ ಹೋಯಿತು. ಮುಂದೆ ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಮುಚ್ಚಯ ಎದ್ದಿತು. ಶ್ರೀನಿವಾಗಿಲು ಕೆರೆಯ ಜಾಗದಲ್ಲಿ ಎಸ್.ಟಿ. ಬೆಡ್ ಬಡಾವಣೆ ರೂಪುಗೊಂಡಿತು. ಪ್ರವಾಹದ ಚರ್ಚೆ ಬಂದಾಗಲೆಲ್ಲ ಖಾಸಗಿ ಒತ್ತುವರಿಯತ್ತಲೇ ಬೆರಳು ಹೋಗುವುದುಂಟು. ಒತ್ತುವರಿ ನಿಜವೇ ಆದರೂ, ಹಲವು ಕೆರೆಗಳು ಸಾರ್ವಜನಿಕ ಯೋಜನೆಗಳಿಗಾಗಿಯೇ ಅಳಿದವು ಎಂಬುದನ್ನು ಮರೆಯುವುದು, ಕ್ರಮಬದ್ಧವಾಗಿ ಹಣ ತೆತ್ತು ಅಲ್ಲಿ ಮನೆ ಮಾಡಿಕೊಂಡವರಿಗೆ ಮಾಡುವ ಅನ್ಯಾಯವಾಗುತ್ತದೆ.

ಕೆರೆ ಹೋದರೂ ತಗ್ಗು ಉಳಿಯಿತು. ಮೇಲಿನ ಪ್ರದೇಶವೆಲ್ಲ ಡಾಂಬರು ಮತ್ತು ಸಿಮೆಂಟಿನಿಂದ ಮುಚ್ಚಿಹೋದುದರಿಂದ ಹಿಂದೆ ಎಷ್ಟೋ ಹೊತ್ತು ತೆಗೆದುಕೊಂಡು ಇಳಿಯುತ್ತಿದ್ದ ನೀರು ಈಗ ಒಮ್ಮೆಗೇ ನುಗ್ಗುತ್ತದೆ. ರಾಜಕಾಲುವೆಗೆ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿದರೆ ಹರಿವಿನ ವೇಗ ಹೆಚ್ಚುತ್ತದೆಯೇ ಹೊರತು ನೀರು ಕಡಿಮೆಯಾಗುವುದಿಲ್ಲ. ಕಾಲುವೆಯ ನೀರು ರಸ್ತೆಯ ಮಟ್ಟವನ್ನು ಮೀರಿದಾಗ ಪಕ್ಕದ ಚರಂಡಿಗಳು ಅದರೊಳಕ್ಕೆ ಹರಿಯಲಾರದೆ ಹಿಮ್ಮುಖವಾಗಿ ತುಂಬಿ, ನೀರು ನೆಲಮಾಳಿಗೆಗಳಿಗೂ ಕೆಳಮಹಡಿಯ ಮನೆಗಳಿಗೂ ಹೊಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಇದೇ ಕಣಿವೆಯ ಕೆಳಭಾಗದ ಬೆಳ್ಳಂದೂರು ಸುತ್ತಮುತ್ತ ಜನರನ್ನು ದೋಣಿ, ಟ್ರಾಕ್ಟರುಗಳಲ್ಲಿ ಸಾಗಿಸಬೇಕಾಯಿತು.

ಇತ್ತೀಚೆಗೆ ಮೆಜೆಸ್ಟಿಕ್‌ನಿಂದ ಬೆಳ್ಳಂದೂರಿನತ್ತ ಸಾಗುವ ಕೆ-100 ರಾಜಕಾಲುವೆಗೆ ಒಳಚರಂಡಿಯ ನೀರು ಸೇರದಂತೆ ತಡೆದು ಅದನ್ನು ದುರಸ್ತಿ ಮಾಡುವ ಕೆಲಸ ನಡೆದಿದ್ದು, ಅದು ಸ್ವಾಗತಾರ್ಹವೇ. ಆದರೆ ಇದಕ್ಕಿಂತ ಕಡಿಮೆ ಗಮನ ಪಡೆದ ಬದಲಾವಣೆಯೊಂದಿದೆ. ಅಚ್ಚುಕಟ್ಟಿಗೆ ನೀರುಣಿಸಿದ ಹಳೆಯ ಕೆರೆಯು ಬೇಸಿಗೆಯ ಹೊತ್ತಿಗೆ ಬಹುಪಾಲು ಬರಿದಾಗಿ, ಮುಂಗಾರಿನ ಮೊದಲ ಮಳೆಗೆ ಎಡೆ ಮಾಡಿಕೊಡುತ್ತಿತ್ತು. ಇಂದು ಉಳಿದಿರುವ ಕೆರೆಗಳಲ್ಲಿ ಎಷ್ಟೋ ಕೊಳಚೆ ಅಥವಾ ಶುದ್ಧೀಕರಿಸಿದ ನೀರಿನಿಂದ ವರ್ಷವಿಡೀ ತುಂಬಿರುವುದರಿಂದ, ಗದ್ದೆಗಳೂ ನೀರುಗಂಟಿಯೂ ಇಲ್ಲದ ಕಾಲದಲ್ಲಿ ಮಳೆಗೆ ಮುಂಚೆ ತೂಬು ತೆಗೆದು ಅವುಗಳ ಮಟ್ಟವನ್ನು ಇಳಿಸುವ ಹೊಣೆ ಯಾರದೆಂಬುದನ್ನು ನಗರಾಡಳಿತವು ಈಗಲಾದರೂ ಗೊತ್ತುಪಡಿಸಬೇಕಾಗಿದೆ.